ಮೆಟ್ಟಿನ ಬುಡದ ಅಂಗಡಿ

ಸಾರಾಯಿ ಅಂಗಡಿ ನೋಡಿಕೊಳ್ಳಲು ರಂಗಮ್ಮಾಳ್ ತಕ್ಕವಳೋ ಅಲ್ಲವೋ ಎಂದು ಪರೀಕ್ಷಿಸಲು ಅಬ್ಕಾರಿ ಇನ್‌ಸ್ಪೆಕ್ಟರ್ ಬರುತ್ತಾರೆ ಎಂಬ ಸುದ್ದಿ ಇನ್‌ಸ್ಪೆಕ್ಟರಿಗಿಂತ ಎರಡು ದಿನ ಮೊದಲೇ ಕಂಬಂ ತಲುಪಿತು. ಪೆರಿಯಾರ್ ಅಣೆ ಕಟ್ಟಿ ಮುಗಿದು ಬೆಟ್ಟದ ಆಚೆಯ ನೀರು ಕಣಿವೆಗೆ ಇಳಿದ ಮರುವರ್ಷದ ಮಾತು ಇದು. ತಮಿಳು ಸೀಮೆಯಲ್ಲಿದ್ದೂ ಮನೆಯಲ್ಲಿ ಕನ್ನಡವನ್ನೇ ಆಡುವ ಒಕ್ಕಲಿಗರ ಬೀದಿಯ ಹಿರಿಯರು ಜಗಲಿಯ ಮೇಲೆ ಕೂತು ತಲೆ ಅಲ್ಲಾಡಿಸಿದರು. ನಮ್ಮ ಮನೆ ಹೆಂಗಸು ಸಾರಾಯಿ ಅಳೆದು ಕೊಡುವುದೇ ಎಂದರು. ಅಳೆಸಿಕೊಂಡು ಕುಡಿಯುವವರಲ್ಲಿ ಅರ್ಧ ಜನ ಅದೇ ಜಗಲಿಯವರು. ಆ ಮಾತನ್ನು ಮಾತ್ರ ಯಾರೂ ಎತ್ತಲಿಲ್ಲ.

ರಂಗಮ್ಮಾಳಿಗೆ ಆಗ ಮೂವತ್ತು ವರ್ಷ. ಆರು ವರ್ಷದಿಂದ ಸಂತೆಬಾಗಿಲಲ್ಲಿ ಮಜ್ಜಿಗೆ ಮಾರಿ ತನ್ನ ಹೊಟ್ಟೆಯನ್ನೂ ಅತ್ತೆ ಕಮಲಮ್ಮಾಳ್ ಹೊಟ್ಟೆಯನ್ನೂ ಹೊರೆಯುತ್ತಿದ್ದಳು. ಅದಕ್ಕೇನೂ ಕೊರತೆ ಇರಲಿಲ್ಲ. ಅವಳಿಗೆ ಬೇಕಿದ್ದದ್ದು ಸಂಬಳವಲ್ಲ, ಅಂಗಡಿ ಇದ್ದ ಜಾಗ. ಊರ ಪಡುವಣಕ್ಕೆ, ಬೆಟ್ಟದ ಕಾಲುದಾರಿ ಬಯಲಿಗೆ ಇಳಿಯುವ ಕಡೆ, ಹುಣಿಸೆಮರದ ಪಕ್ಕ ಆ ಅಂಗಡಿ. ಆ ಕಾಲುದಾರಿಗೆ ಎಲ್ಲರೂ ಮೆಟ್ಟು ಎನ್ನುತ್ತಾರೆ. ಮೇಲಿನ ಏಲಕ್ಕಿ ತೋಟಗಳಿಗೆ ಕೂಲಿಗೆ ಹೋದ ಗಂಡಸರು ಇಳಿದರೆ ಅಲ್ಲೇ ಇಳಿಯಬೇಕು. ಇಳಿದು, ಒಂದು ಗುಟುಕು ಹಾಕಿ, ಕೆಲವರು ಗೂಡಲೂರಿಗೆ, ಕೆಲವರು ಉತ್ತಮಪಾಳಯಕ್ಕೆ ತಿರುಗಿಬಿಡುತ್ತಾರೆ. ಸಂತೆಬಾಗಿಲಿನವರೆಗೆ ಬರುವವರು ಕಡಿಮೆ. ಕೆಲಸವಿಲ್ಲದೆ ಆ ಮರದಡಿ ದಿನವಿಡೀ ಕೂರುವ ಹೆಂಗಸಿಗೆ ಊರು ಯಾವ ಹೆಸರಿಡುತ್ತದೆ ಎಂದು ಬೇರೆ ಹೇಳಬೇಕಿಲ್ಲ. ಅಂಗಡಿಯೊಳಗೆ ಅಳತೆ ಹಿಡಿದು ಕೂತರೆ ಇಳಿದ ಒಬ್ಬೊಬ್ಬ ಗಂಡಸಿನ ಮುಖವನ್ನೂ ನೋಡಬಹುದು. ಹನ್ನೊಂದು ವರ್ಷದ ಹಿಂದೆ ಮೆಟ್ಟು ಹತ್ತಿ ಹೋದ ಅವಳ ಗಂಡ ಪಿಚ್ಚೈಯ ಮುಖ ಒಂದು ದಿನ ಅವುಗಳಲ್ಲಿ ಇದ್ದೇ ಇರುತ್ತದೆ ಎಂದು ಅವಳ ನಂಬಿಕೆ.

ಪಿಚ್ಚೈ ಹೋದದ್ದು ಜಗಳ ಮಾಡಿಕೊಂಡಲ್ಲ, ಇನ್ನೊಬ್ಬಳ ಹಿಂದೆಯೂ ಅಲ್ಲ. ಒಂದು ಕರುವಿನ ಮೇಲಿನ ಪ್ರೀತಿಯಿಂದ ಹೋದ. ಕೇಳಿದವರು ನಗುತ್ತಾರೆ, ನಗಲಿ.

ಕಂಬಂನ ಒಕ್ಕಲಿಗರಿಗೆ ದೇವರ ಹೆಸರಿನ ಒಂದು ದನದ ಮಂದೆ ಇದೆ. ಅದರ ಹಾಲನ್ನು ಯಾರೂ ಮಾರುವುದಿಲ್ಲ, ಅದರ ಎತ್ತನ್ನು ಯಾರೂ ಹೂಡುವುದಿಲ್ಲ. ಮಂದೆಗೊಂದು ಪಟ್ಟದ ಹೋರಿ. ಅದು ಸತ್ತರೆ ಹೊಸದನ್ನು ಮನುಷ್ಯರು ಆರಿಸುವಂತಿಲ್ಲ. ಹೋರಿಗಳನ್ನೆಲ್ಲ ಬಯಲಿನಲ್ಲಿ ನಿಲ್ಲಿಸಿ, ಕರ್ಪೂರ ಹಚ್ಚಿ, ಎದುರಿಗೆ ಒಂದು ಕಟ್ಟು ಕಬ್ಬು ಇಡುತ್ತಾರೆ. ಯಾವುದು ತಾನಾಗಿ ಮೊದಲು ಬಂದು ಕಬ್ಬಿಗೆ ಬಾಯಿ ಹಾಕುತ್ತದೋ ಅದಕ್ಕೇ ಪಟ್ಟ. ದೇವರೇ ಅದನ್ನು ಕಳಿಸಿದ ಎಂದು ಲೆಕ್ಕ. ಮಂದೆ ಕಾಯುತ್ತಿದ್ದ ಪಿಚ್ಚೈ, ತಾಯಿ ಸತ್ತ ಒಂದು ಕರುವಿಗೆ ಬಟ್ಟೆ ಅದ್ದಿ ಹಾಲು ಚೀಪಿಸಿ ಸಾಕಿದ್ದ. ಹೆಸರು ಕರಿಯ. ಪಟ್ಟದ ದಿನ ಕರಿಯ ಕಿವಿ ನಿಮಿರಿಸಿಕೊಂಡು ನೆಟ್ಟಗೆ ಬಂದು ಕಬ್ಬು ಮುರಿದ. ಊರೆಲ್ಲ ಕೂಗಿ ಕುಣಿಯಿತು. ಅರಿಶಿನ ಬಳಿದರು, ಹಾರ ಹಾಕಿದರು. ಎಂಟು ದಿನದ ಮೇಲೆ ಗುಟ್ಟು ಹೊರಬಿತ್ತು. ಹಳೆಯ ಹೋರಿ ಕಾಯಿಲೆ ಬಿದ್ದಾಗಿನಿಂದ ಪಿಚ್ಚೈ ದಿನಾ ಸಂಜೆ ಯಾರಿಗೂ ಕಾಣದ ಹಾಗೆ ಕರಿಯನಿಗೆ ಕಬ್ಬು ತಿನ್ನಿಸಿ ರುಚಿ ಹತ್ತಿಸಿದ್ದ.

ಹಾರ ಬಿದ್ದ ಹೋರಿಯನ್ನು ಇಳಿಸುವಂತಿಲ್ಲ, ಅದರದೇನು ತಪ್ಪು? ಹಿರಿಯರು ಪಿಚ್ಚೈಯನ್ನೂ ಬೈಯಲಿಲ್ಲ. ಮಂದೆಯ ಕೋಲು ಕೊಡು ಎಂದು ಕೈ ಚಾಚಿದರು, ಅಷ್ಟೇ. ಬೈದಿದ್ದರೆ ಅವನು ಉಳಿಯುತ್ತಿದ್ದನೇನೋ. ಮರುದಿನ ಬೆಳಿಗ್ಗೆ ಹೊಸಿಲಲ್ಲಿ ನಿಂತು ಹೆಂಡತಿಗೆ ಹೇಳಿದ.

"ದೇವರು ಮಾಡೋ ಕೆಲಸಾನ ನಾ ಮಾಡಿಬುಟ್ಟೆ, ರಂಗೀ. ಕರಿಯ ಪಟ್ಟದಲ್ಲಿ ನಿಂತಿರೋ ಮಟ್ಟ ನಾ ಈ ಊರ ಮಣ್ಣು ತುಳಿಯಕ್ಕಿಲ್ಲೆ. ಅವನ ಕಾಲ ಮುಗೀಲಿ, ಬತ್ತೀನಿ."

ಹತ್ತೊಂಬತ್ತರ ರಂಗಮ್ಮಾಳ್ ಆಯಿತು ಎಂದಳು. ನಾಲ್ಕು ದಿನ ಸಿಟ್ಟು, ಐದನೆಯ ದಿನ ಹಸಿವು, ಬಂದೇ ಬರುತ್ತಾನೆ ಎಂದುಕೊಂಡಳು. ಆ ಐದನೆಯ ದಿನ ಇನ್ನೂ ಬಂದಿರಲಿಲ್ಲ.

ಕರಿಯನೂ ಮುದುಕನಾದ. ದವಡೆ ಹಲ್ಲು ಸವೆದು, ಕಬ್ಬಿರಲಿ, ಒಣಹುಲ್ಲೂ ಅಗಿಯಲಾಗದೆ ಬಾಯಿಂದ ಉದುರಿಸುತ್ತಿದ್ದ. ರಂಗಮ್ಮಾಳ್ ದಿನಾ ಬೆಳಿಗ್ಗೆ ಒಂದು ಕಬ್ಬು ಜಜ್ಜಿ, ಬೂಸಾದ ಜೊತೆ ಕಲಸಿ, ಮಂದೆಗೆ ಒಯ್ದು ಕೈಯಾರೆ ತಿನ್ನಿಸುತ್ತಿದ್ದಳು. ಮನೆಯಲ್ಲಿ ಅತ್ತೆಯ ಬೈಗುಳ ಕಾದಿರುತ್ತಿತ್ತು.

"ನನ್ನ ಮಗನ್ನ ಊರು ಬಿಡಿಸಿದ ಹಾಳಾದ್ದು, ಇನ್ನೂ ಸಾಯಕ್ಕಿಲ್ಲೆ. ನೀ ಅದಕ್ಕೆ ಊಟ ಹೊತ್ಕೊಂಡು ಹೋಯ್ತೀಯ!"

"ಅವರು ಸಾಕಿದ್ದು ಅತ್ತೆ," ಎನ್ನುತ್ತಿದ್ದಳು ರಂಗಮ್ಮಾಳ್. ಅದಕ್ಕಿಂತ ಹೆಚ್ಚು ಹೇಳಲು ಅವಳಿಗೆ ಬರುತ್ತಿರಲಿಲ್ಲ. ಕರಿಯನ ಒರಟು ನಾಲಿಗೆ ಅಂಗೈ ನೆಕ್ಕುವಾಗ, ಪಿಚ್ಚೈ ಮುಟ್ಟಿದ್ದರಲ್ಲಿ ಇನ್ನೂ ಬಿಸಿಯಾಗಿ ಉಳಿದಿರುವುದು ಇದೊಂದೇ ಎಂದು ಅವಳಿಗೆ ಅನ್ನಿಸುತ್ತಿತ್ತು. ಇದು ಹೋದರೆ ಅವನು ಬರುತ್ತಾನೆ. ಆದರೂ ಇದು ಹೋಗಲಿ ಎಂದು ಹರಸಿಕೊಳ್ಳಲು ಅವಳ ಬಾಯಿ ಏಳುತ್ತಿರಲಿಲ್ಲ. ಇದನ್ನು ಯಾರಿಗೆ ಬಿಡಿಸಿ ಹೇಳುವುದು!

ಅಂಗಡಿಯನ್ನು ಹರಾಜಿನಲ್ಲಿ ಹಿಡಿದಿದ್ದವನು ಬೋಡಿನಾಯಕನೂರಿನ ರಾಮರ್. ಅವನಿಗೆ ಅಲ್ಲಿ ಏಲಕ್ಕಿ ವ್ಯಾಪಾರ. ಕಂಬಂನಲ್ಲಿ ಬಂದು ಕೂರಲು ಪುರುಸೊತ್ತಿಲ್ಲ. ಹಿಂದೆ ಇಟ್ಟಿದ್ದ ಇಬ್ಬರಲ್ಲಿ ಒಬ್ಬ ಸರಕಿಗೆ ನೀರು ಬೆರೆಸಿದ. ಇನ್ನೊಬ್ಬ ಬೆರೆಸದೆ ತಾನೇ ಕುಡಿದ. ಮಜ್ಜಿಗೆಗೂ ಅಳತೆ ತಪ್ಪಿಸದ ರಂಗಮ್ಮಾಳ್ ತಾನಾಗಿ ಬಂದು ಕೇಳಿದಾಗ ರಾಮರನಿಗೆ ದಾರಿಯಲ್ಲಿ ಬಂಗಾರ ಸಿಕ್ಕಿದಷ್ಟು ಖುಷಿಯಾಯಿತು. ಇನ್‌ಸ್ಪೆಕ್ಟರ್ ಒಪ್ಪಬೇಕಲ್ಲ, ಅದಕ್ಕೆ ಎರಡು ದಿನ ಮುಂಚೆಯೇ ಬಂದು ಪಾಠ ಶುರುಮಾಡಿದ. ಧಾನ್ಯಕ್ಕೆ ಸಾರಾಯಿ ಕೊಡುತ್ತೀಯಾ ಎಂದರೆ ಇಲ್ಲ ಅನ್ನು. ಸಾಲ ಎಂದರೆ ಇಲ್ಲ ಅನ್ನು. ಎಷ್ಟು ಹೊತ್ತಿಗೆ ಬಾಗಿಲು ಹಾಕುತ್ತೀಯಾ ಎಂದರೆ ದೀಪ ಹಚ್ಚಿದ ಮೇಲೆ ಒಂದು ಗಳಿಗೆ ಅನ್ನು.

"ಕೊನೆಗೆ ಗಂಡ ಎಲ್ಲಿ ಅಂತ ಕೇಳ್ತಾರೆ. ಸತ್ತ ಅನ್ನು," ಎಂದ. "ಗಂಡ ಇದ್ದವಳಿಗೆ ಗಂಡನ ಒಪ್ಪಿಗೆ ಇಲ್ಲದೆ ಈ ಕೆಲಸ ಕೊಡಲ್ಲ. ವಿಧವೆಗೆ ಆ ತೊಂದರೆ ಇಲ್ಲ. ಬಳೆ ತೆಗೆದಿಟ್ಟು ಬಾ."

ತಲೆಗೆ ಸುತ್ತಿದ ಬಟ್ಟೆ ಬಿಚ್ಚಿಟ್ಟು ಬಾ ಎಂದಷ್ಟು ಸಲೀಸಾಗಿ ಹೇಳಿದ.

ಪರೀಕ್ಷೆಯ ದಿನ ರಂಗಮ್ಮಾಳ್ ಬಳೆ ತೆಗೆಯಲು ಹೋದಳು, ಆಗಲಿಲ್ಲ. ಒಡೆಯಲು ಕಲ್ಲು ಎತ್ತಿಕೊಂಡಳು, ಅದೂ ಆಗಲಿಲ್ಲ. ಕೊನೆಗೆ ಬಳೆಗಳನ್ನು ಮೊಳಕೈಯವರೆಗೆ ನೂಕಿ ಬಿಗಿಮಾಡಿ, ಮೇಲೆ ಸೆರಗು ಹೊದ್ದು, ಹಣೆಯ ಬೊಟ್ಟಿನ ಮೇಲಕ್ಕೂ ಸೆರಗಿನ ಅಂಚು ಎಳೆದುಕೊಂಡು ಮೆಟ್ಟಿನ ಬುಡಕ್ಕೆ ನಡೆದಳು.

ಇನ್‌ಸ್ಪೆಕ್ಟರ್ ಪೊನ್ನುಸಾಮಿ ದಿಂಡಿಗಲ್ ಹತ್ತಿರದ ಚಿನ್ನಾಳಪಟ್ಟಿಯವರು. ನೇಯ್ಗೆಯವರ ಮನೆಯಲ್ಲಿ ಹುಟ್ಟಿ, ಓದಿ, ಕುದುರೆ ಹತ್ತಿದವರು. ಹುಣಿಸೆಮರದ ನೆರಳಲ್ಲಿ ಪೆಟ್ಟಿಗೆಯ ಮೇಲೆ ಕೂತು, ಪುಸ್ತಕ ಬಿಚ್ಚಿ, ತಮಿಳಿನಲ್ಲಿ ಒಂದೊಂದಾಗಿ ಕೇಳುತ್ತ ಹೋದರು. ರಂಗಮ್ಮಾಳ್ ತಮಿಳಿನಲ್ಲೇ ಪಟಪಟ ಉತ್ತರ ಕೊಟ್ಟಳು. ಪಕ್ಕದಲ್ಲಿ ನಿಂತ ರಾಮರನ ತುಟಿಯೂ ಅದೇ ತಾಳಕ್ಕೆ ಅಲ್ಲಾಡುತ್ತಿತ್ತು. ಪೊನ್ನುಸಾಮಿ ಅವನ ತುಟಿಯನ್ನು ಸ್ವಲ್ಪ ಹೊತ್ತು ನೋಡಿದರು, ಆಮೇಲೆ ಪುಸ್ತಕ ಮಡಚಿ ತೊಡೆಯ ಮೇಲಿಟ್ಟುಕೊಂಡರು.

"ಆಗಲೇ ತುಂಬ ಕುಡಿದವನು ಬಂದು ಇನ್ನೂ ಬೇಕು ಅಂತಾನೆ. ಇಲ್ಲ ಅಂದರೆ ಹೊಡೆಯಕ್ಕೆ ಕೈ ಎತ್ತುತಾನೆ. ಏನು ಮಾಡ್ತೀಯಮ್ಮಾ?"

ಇದು ಪಾಠದಲ್ಲಿ ಇರಲಿಲ್ಲ. ರಾಮರನ ತುಟಿ ನಿಂತುಹೋಯಿತು. ರಂಗಮ್ಮಾಳ್ ಯೋಚಿಸಿದಳು, ಯೋಚಿಸುತ್ತಲೇ ತನಗೆ ಗೊತ್ತಿಲ್ಲದೆ ಮನೆಮಾತಿಗೆ ಇಳಿದಳು.

"ನಿನ್ನ ಅವ್ವನ ಹೆಸರು ಏನಪ್ಪಾ ಅಂತ ಕೇಳ್ತೀನಿ ಸಾಮಿ."

"ಅದೇನಕ್ಕೆ?" ಇನ್‌ಸ್ಪೆಕ್ಟರ್ ಕೇಳಿದ್ದು ಕನ್ನಡದಲ್ಲಿ. ಚಿನ್ನಾಳಪಟ್ಟಿಯ ನೇಯ್ಗೆಯವರ ಮನೆಮಾತೂ ಅದೇ.

"ಎಷ್ಟು ಕುಡಿದ್ರೂ ಅದು ಮರೆಯಕ್ಕಿಲ್ಲೆ. ಅದನ್ನ ಸೊಲ್ಲುವಾಗ ದನಿ ತಾನೇ ಇಳೀತದೆ, ಎತ್ತಿದ ಕೈಯೂ ಇಳೀತದೆ. ಅಷ್ಟೊತ್ತಿಗೆ ಒಂದು ಲೋಟ ಮಜ್ಜಿಗೆ ಕೊಟ್ಟು ಕೂರಿಸಿಬುಡ್ತೀನಿ. ಸಂತೆಬಾಗಿಲಲ್ಲಿ ಆರು ವರ್ಷ ಇದೇ ತಾನೆ ಮಾಡಿರೋದು."

ಪೊನ್ನುಸಾಮಿ ನಕ್ಕುಬಿಟ್ಟರು. "ಈ ಕೆಲಸ ನಿನಗೇ ಸರಿ," ಎಂದರು. ಉಳಿದದ್ದು ಅಳತೆ. ಕೊಡದಲ್ಲಿ ನೀರು ತುಂಬಿಸಿ, ತಾಮ್ರದ ಅಳತೆ ಮುಂದಿಟ್ಟು, ಒಂದು ಹನಿ ಚೆಲ್ಲದೆ ಸುರಿ ಎಂದರು. ರಂಗಮ್ಮಾಳ್ ಕೊಡ ಎತ್ತಿದಳು. ಒಂದು ಹನಿಯೂ ಚೆಲ್ಲಲಿಲ್ಲ. ಆದರೆ ಕೈ ಬಗ್ಗಿಸಿದ್ದೇ ತಡ, ಮೊಳಕೈಯಲ್ಲಿ ಬಿಗಿದಿದ್ದ ಬಳೆಗಳು ಸಡಿಲಾಗಿ ಗಲಗಲ ಎಂದು ಮುಂಗೈಗೆ ಇಳಿದುಬಂದವು. ರಾಮರ್ ಕೆಮ್ಮಿದ. ಇನ್ನೂ ಜೋರಾಗಿ ಕೆಮ್ಮಿದ. ಕೆಮ್ಮಿನಿಂದ ಬಳೆಯ ಸದ್ದು ಅಡಗುವುದುಂಟೇ?

ಪೊನ್ನುಸಾಮಿ ಬಳೆಗಳನ್ನು ನೋಡಿದರು. ನಗು ಹೋಗಿತ್ತು.

"ರಾಮರ್ ಅರ್ಜಿಯಲ್ಲಿ ವಿಧವೆ ಅಂತ ಬರೆಸಿದಾರೆ. ನಾ ಬಳೆ ಕೇಳಲ್ಲ, ಬಾಯಿ ಕೇಳ್ತೀನಿ. ನೀ ಏನು ಸೊಲ್ಲಿದ್ರೆ ಅದನ್ನೇ ಬರೀತೀನಿ. ಗಂಡ ಇದಾರಾ ಇಲ್ಲವಾ?"

ಒಂದು ಮಾತು. ಅಷ್ಟು ಹೇಳಿದರೆ ಅಂಗಡಿ ಅವಳದು. ನಾಳೆಯಿಂದಲೇ ಮೆಟ್ಟಿಗೆ ಮುಖ ಮಾಡಿ ಕೂರಬಹುದು. ರಂಗಮ್ಮಾಳ್ ಬಾಯಿ ತೆರೆದಳು. ಆಗ ಅವಳಿಗೆ ಕರಿಯ ನೆನಪಾದ. ಕಬ್ಬು ತಿನ್ನಿಸಿ ಕರಿಯನನ್ನು ಬಯಲಿಗೆ ತಂದು ನಿಲ್ಲಿಸಿದ ಹಾಗೆಯೇ ರಾಮರ್ ತನಗೂ ಮಾತು ತಿನ್ನಿಸಿ ಈ ಮರದಡಿ ತಂದು ನಿಲ್ಲಿಸಿದ್ದಾನೆ. ಅಂಥ ಒಂದು ಗೆಲುವಿಗೆ ಹನ್ನೊಂದು ವರ್ಷ ಆಗಲೇ ಕೊಟ್ಟಾಗಿದೆ. ಮೇಲಾಗಿ, ಅವನು ಇಳಿದು ಬಂದ ದಿನ ಸರಕಾರದ ಪುಸ್ತಕದಲ್ಲಿ ಅವನು ಸತ್ತಿರುತ್ತಾನೆ, ಸಾಯಿಸಿದವಳು ಅವನ ಹೆಂಡತಿ.

"ಇದಾರೆ ಸಾಮಿ," ಎಂದಳು. "ಎಲ್ಲಿ ಅಂತ ಗೊತ್ತಿಲ್ಲೆ. ಇದಾರೆ."

"ಹೆಸರು?"

ಗಂಡನ ಹೆಸರು ಬಾಯಲ್ಲಿ ಹೇಳುವ ಹೆಂಗಸು ಆ ಬೀದಿಯಲ್ಲಿ ಹುಟ್ಟಿರಲಿಲ್ಲ. ರಂಗಮ್ಮಾಳ್ ನೆಲ ನೋಡಿದಳು. ಆಗ ಹುಣಿಸೆಮರದ ಹಿಂದಿನಿಂದ ಒಂದು ಒಡಕು ದನಿ ಬಂತು. ಸೊಸೆ ಬಳೆಗೆ ಕಲ್ಲು ಎತ್ತಿದ್ದನ್ನು ಕದ್ದು ನೋಡಿದ್ದ ಕಮಲಮ್ಮಾಳ್ ಕೋಲೂರಿಕೊಂಡು ಹಿಂದೆಯೇ ಬಂದು ನಿಂತಿದ್ದಳು.

"ಪಿಚ್ಚೈ! ಬರ್ಕೊಳ್ಳಿ ಸಾಮಿ, ಪಿಚ್ಚೈ! ನನ್ನ ಮಗ!"

ಪೊನ್ನುಸಾಮಿ ಬರೆದುಕೊಂಡರು. ಹಾಗಾದರೆ ತಕ್ಕವಳು ಎಂದು ಬರೆಯಲು ತನಗೆ ಅಧಿಕಾರವಿಲ್ಲ, ಒಪ್ಪಿಗೆ ಬೇಕೇ ಬೇಕು ಎಂದರು. ರಾಮರ್ ಹಣೆ ಚಚ್ಚಿಕೊಂಡ. ರಂಗಮ್ಮಾಳ್ ಅಲ್ಲೇ ಕೊಡದ ಪಕ್ಕ ಕುಸಿದು ಕೂತು ಅತ್ತಳು. ನಿಜ ಹೇಳಿ ಹಗುರಾದೆ ಎಂದೇನೂ ಅವಳಿಗೆ ಅನ್ನಿಸಲಿಲ್ಲ. ಕೈಗೆ ಬಂದದ್ದನ್ನು ತಾನೇ ಚೆಲ್ಲಿದೆ ಎಂದು ಅತ್ತಳು.

ಕುದುರೆಯ ಹತ್ತಿರ ಹೋದ ಪೊನ್ನುಸಾಮಿ ಜೀನಿನ ಮೇಲೆ ಕೈಯಿಟ್ಟರು. ಹಾಗೇ ತಿರುಗಿ ಬಂದು ಮತ್ತೆ ಪೆಟ್ಟಿಗೆಯ ಮೇಲೆ ಕೂತರು.

"ಅಳಬೇಡಮ್ಮಾ. ಒಪ್ಪಿಗೆ ಬೇಕು ಅಂದ್ರೆ ಅದನ್ನ ಕೇಳಬೇಕು ತಾನೆ? ಕೇಳೋದು ನಿನ್ನ ಕೆಲಸ ಅಲ್ಲ, ಸರಕಾರದ್ದು." ಎಂದವರೇ ಒಂದು ಕಾಗದ ಬರೆದರು. ಕಳ್ಳಸಾರಾಯಿ ಹಿಡಿಯಲು ತಿಂಗಳಿಗೊಮ್ಮೆ ಮೆಟ್ಟು ಹತ್ತಿ ಗಡಿ ಚೌಕಿಗಳನ್ನು ಸುತ್ತುವ ಜವಾನ ಅಯ್ಯನಾರ್ ಅದನ್ನು ಒಯ್ಯಬೇಕು. ಏಲಕ್ಕಿ ತೋಟಗಳ ಕೂಲಿಮನೆಗಳ ಮುಂದೆ ನಿಂತು ಗಟ್ಟಿಯಾಗಿ ಓದಬೇಕು: ಕಂಬಂನ ಪಿಚ್ಚೈ, ಹೆಂಡತಿ ರಂಗಮ್ಮಾಳ್ ಸಾರಾಯಿ ಅಂಗಡಿ ನೋಡಿಕೊಳ್ಳಲು ನಿನ್ನ ಒಪ್ಪಿಗೆ ಇದೆಯೇ ಇಲ್ಲವೇ. ಒಂದು ತಿಂಗಳ ಗಡುವು. ಅಷ್ಟರಲ್ಲಿ ಉತ್ತರ ಬರದಿದ್ದರೆ ರಾಮರ್ ಬೇರೆಯವರನ್ನು ಹುಡುಕಿಕೊಳ್ಳಬೇಕು.

ಆ ತಿಂಗಳು ರಂಗಮ್ಮಾಳ್ ಹೇಗೆ ಕಳೆದಳೋ ಅವಳಿಗೇ ಗೊತ್ತು. ಮಜ್ಜಿಗೆಗೆ ಎರಡು ಸಲ ಉಪ್ಪು ಹಾಕಿದಳು, ಒಂದು ದಿನ ಹಾಕಲೇ ಇಲ್ಲ. ಬೆಟ್ಟದ ಕಡೆ ಮೋಡ ಕವಿದರೆ ಕಾಗದ ನೆನೆಯಿತೇನೋ ಎಂದು ಹೆದರಿದಳು. ಹನ್ನೊಂದು ವರ್ಷ ಯಾರೂ ಕರೆಯದ ಆ ಹೆಸರನ್ನು ಈಗ ಯಾರೋ ಬೆಟ್ಟದ ಮೇಲೆ ದಿನಾ ಗಟ್ಟಿಯಾಗಿ ಕೂಗುತ್ತಿದ್ದಾರೆ. ಅದನ್ನು ನೆನೆದರೆ ಅವಳ ಎದೆ ಉಬ್ಬಿ ಬರುತ್ತಿತ್ತು. ತಾನು ಒಮ್ಮೆಯೂ ಬಾಯಿಬಿಟ್ಟು ಕೂಗಿಲ್ಲವಲ್ಲ ಎಂದು ಸಂಕಟವೂ ಆಗುತ್ತಿತ್ತು. ಕರಿಯನ ಕಿವಿಯಲ್ಲಿ ಮಾತ್ರ, ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ಒಂದು ಸಲ ಆ ಹೆಸರು ಹೇಳಿದಳು. ಕರಿಯ ಕಿವಿ ಕೊಡವಿದ.

ಇಪ್ಪತ್ತಾರನೆಯ ದಿನ ಅಯ್ಯನಾರ್ ಇಳಿದು ಬಂದ. ನೇರ ಸಂತೆಬಾಗಿಲಿಗೇ ಬಂದವನು ಮೊದಲು ಎರಡು ಲೋಟ ಮಜ್ಜಿಗೆ ಕುಡಿದ. ಮೀಸೆ ಒರೆಸಿಕೊಂಡ. ಅವನ ಕುತ್ತಿಗೆ ಹಿಡಿದು ಅಲ್ಲಾಡಿಸಬೇಕು ಎನ್ನಿಸಿತು ರಂಗಮ್ಮಾಳಿಗೆ. ಕೊನೆಗೆ ಕಾಗದ ಬಿಚ್ಚಿ ತೋರಿಸಿದ. ಕೆಳಗೆ ಇದ್ದಿಲಿನಲ್ಲಿ ಒಂದು ದುಂಡು ಗುರುತು. ಅದನ್ನು ನೋಡಿದ ಕೂಡಲೇ ಅವಳಿಗೆ ಗೊತ್ತಾಯಿತು. ದೇವರ ಮಂದೆಯ ದನಗಳಿಗೆ ಹಾಕುವ ಗುರುತು ಅದು: ಒಂದು ದುಂಡು, ಕೆಳಗೆ ಎರಡು ಗೆರೆ. ಇಲ್ಲಿ ದುಂಡು ಮಾತ್ರ ಇತ್ತು. ಮಂದೆಯ ಕೋಲು ಕಳೆದುಕೊಂಡವನಿಗೆ ಗೆರೆ ಎಳೆದು ಗುರುತು ಪೂರ್ತಿ ಮಾಡಲು ಇನ್ನೂ ಧೈರ್ಯ ಬಂದಿರಲಿಲ್ಲ.

"ಮೂರು ದಿನದ ದಾರಿ ಆಚೆ, ಏಲಕ್ಕಿ ಒಣಗಿಸೋ ಕೊಟ್ಟಿಗೆಯಲ್ಲಿ ಸಿಕ್ಕಿದ," ಎಂದ ಅಯ್ಯನಾರ್. "ಪೂರಾ ಕೇಳಿದ. ನಾನು ಇದೀನಿ ಅಂತ ಅವಳೇ ಹೇಳಿದಳಾ ಅಂತ ಎರಡು ಸಲ ಕೇಳಿದ. ಆಮೇಲೆ ಗುರುತು ಹಾಕಿದ. ವಿಚಿತ್ರದ ಮನುಷ್ಯ ಕಣಮ್ಮಾ. ಹೆಂಡತಿ ಹೇಗಿದಾಳೆ ಅಂತ ಕೇಳಲಿಲ್ಲ. ಪಟ್ಟದ ಹೋರಿ ಇನ್ನೂ ನಿಂತಿದೆಯಾ ಅಂತ ಕೇಳಿದ! ನಾನು ಸಾರಾಯಿ ಇಲಾಖೆಯವನಪ್ಪಾ, ದನದ ಇಲಾಖೆ ಅಲ್ಲ ಅಂದೆ. ಮುಂದಿನ ಸಲ ಕೇಳಿಕೊಂಡು ಬನ್ನಿ ಅಂದ."

ರಂಗಮ್ಮಾಳ್ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅವನು ಕೇಳಿದ್ದು ಹೋರಿಯನ್ನಲ್ಲ. ನಾ ಮನೆಗೆ ಬರಬಹುದಾ ಎಂದು ಕೇಳಿದ್ದ.

ಪೊನ್ನುಸಾಮಿ ತಕ್ಕವಳು ಎಂದು ಬರೆದರು. ಬೇಸಿಗೆಯ ಚಿತ್ತಿರೈ ತಿಂಗಳಲ್ಲಿ ಅಂಗಡಿಯ ಬಾಗಿಲು ತೆಗೆಯಿತು. ಮುಂಗೈ ತುಂಬ ಬಳೆ, ಹಣೆ ತುಂಬ ಬೊಟ್ಟು ಇಟ್ಟುಕೊಂಡು ರಂಗಮ್ಮಾಳ್ ಮೆಟ್ಟಿಗೆ ಮುಖ ಮಾಡಿ ಕೂತಳು. ಜಗಲಿಯ ಹಿರಿಯರು ನಾಲ್ಕು ದಿನ ಆ ಕಡೆ ತಿರುಗಲಿಲ್ಲ. ಐದನೆಯ ದಿನ, ಅಳತೆ ಸರಿ ಇದೆಯಂತಲ್ಲ, ನೋಡೋಣ ಎಂದು ಬಂದರು. ಮಜ್ಜಿಗೆಯ ಗಡಿಗೆಯನ್ನು ಪಕ್ಕದಲ್ಲಿಟ್ಟುಕೊಂಡು ಕಮಲಮ್ಮಾಳ್ ಕೂರುತ್ತಿದ್ದಳು.

ತಿಂಗಳು ತುಂಬಿತು. ಒಂದು ಬೆಳಿಗ್ಗೆ ಅಯ್ಯನಾರ್ ಬುತ್ತಿ ಕಟ್ಟಿಕೊಂಡು ಮೆಟ್ಟು ಹತ್ತಲು ಬಂದ.

"ಆ ಹೋರಿ ವಿಷಯ ಏನು ಹೇಳಲಮ್ಮಾ? ಮತ್ತೆ ಕೇಳ್ತಾನೆ, ನೋಡು."

ಕಮಲಮ್ಮಾಳ್ ಎದ್ದು ಬಂದು ಸೊಸೆಯ ಕೈ ಹಿಡಿದುಕೊಂಡಳು. ಮುದುಕಿಯ ಬೆರಳುಗಳಲ್ಲಿ ಅಷ್ಟು ಬಲವಿದೆ ಎಂದು ರಂಗಮ್ಮಾಳಿಗೆ ಗೊತ್ತಿರಲಿಲ್ಲ.

"ಸತ್ತ ಅಂತ ಸೊಲ್ಲು ರಂಗೀ. ಒಂದು ಮಾತು ತಾನೆ. ಆರೇಳು ದಿನದಲ್ಲಿ ನನ್ನ ಮಗ ಇಲ್ಲಿ ಇಳೀತಾನೆ. ನಾ ಎಷ್ಟು ದಿನ ಇದ್ದೇನು?"

ಹೇಳಿಬಿಡಬೇಕು ಅನ್ನಿಸಿತು. ಮಾತು ನಾಲಿಗೆಯ ತುದಿಗೆ ಬಂದು ಕೂತಿತು. ಅವನು ಇಳಿಯುವ ದಾರಿ ಕಣ್ಣೆದುರಿಗೇ ಇದೆ. ಕಲ್ಲು, ಲಂಟಾನ ಪೊದೆ, ತಿರುವು. ಆ ತಿರುವಿನಲ್ಲಿ ಅವನ ತಲೆ, ಆಮೇಲೆ ಹೆಗಲು ಕಾಣುವುದನ್ನು ಅವಳು ಎಷ್ಟು ಸಲ ನೋಡಿದ್ದಾಳೆ! ಬರುತ್ತಾನೆ. ಬಂದು ಮೊದಲು ಮಂದೆಗೆ ಹೋಗುತ್ತಾನೆ. ಅಲ್ಲಿ ಹಲ್ಲಿಲ್ಲದ ಕರಿಯ ಅವನ ವಾಸನೆ ಹಿಡಿದು ತಲೆ ಎತ್ತುತ್ತಾನೆ. ಆಮೇಲೆ? ಹೆಂಡತಿಯ ಮಾತನ್ನೂ ನಂಬದ ಹಾಗೆ ಆಗಿ ಅವನು ಎಲ್ಲಿಗೆ ಹೋದಾನು?

"ನಿಂತಿದಾನೆ ಅಂತ ಸೊಲ್ಲಿ ಅಣ್ಣಾ," ಎಂದಳು. "ಹಲ್ಲು ಹೋಗಿದೆ. ದಿನಾ ನಾನೇ ಕಬ್ಬು ಜಜ್ಜಿ ತಿನ್ನಿಸ್ತೀನಿ ಅಂತ ಸೊಲ್ಲಿ. ಇಷ್ಟು ಸೊಲ್ಲಿದ್ರೆ ಸಾಕು, ಅವರಿಗೆ ತಿಳೀತದೆ."

ಅಯ್ಯನಾರ್ ತಲೆ ಕೆರೆದುಕೊಂಡು ಮೆಟ್ಟು ಹತ್ತಿದ. ತಿರುವಿನಲ್ಲಿ ಮರೆಯಾಗುವವರೆಗೆ ಇಬ್ಬರೂ ಅವನ ಬೆನ್ನನ್ನೇ ನೋಡಿದರು. ಕಮಲಮ್ಮಾಳ್ ಆ ದಿನವೆಲ್ಲ ಸೊಸೆಯ ಜೊತೆ ಮಾತಾಡಲಿಲ್ಲ. ಉಣ್ಣಲೂ ಇಲ್ಲ.

ಮರುದಿನ ಬೆಳಿಗ್ಗೆ ರಂಗಮ್ಮಾಳ್ ಎದ್ದಾಗ ಹಿತ್ತಲಲ್ಲಿ ಕಲ್ಲಿನ ಸದ್ದು ಕೇಳಿತು. ಹೋಗಿ ನೋಡಿದರೆ, ಅತ್ತೆ ಕುಕ್ಕರುಗಾಲಲ್ಲಿ ಕೂತು ಕಬ್ಬು ಜಜ್ಜುತ್ತಿದ್ದಳು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳುವ ಗೋಜಿಗೆ ಹೋಗಿರಲಿಲ್ಲ.

"ನೀ ಜಜ್ಜೋದು ಸಾಲಕ್ಕಿಲ್ಲೆ," ಎಂದಳು ತಲೆ ಎತ್ತದೆ. "ಸಿಬಿರು ಉಳೀತದೆ. ಹಲ್ಲಿಲ್ಲದವರ ಕಷ್ಟ ನನಗೆ ತಾನೆ ಗೊತ್ತು."

ರಂಗಮ್ಮಾಳ್ ಇನ್ನೊಂದು ಕಲ್ಲು ತೆಗೆದುಕೊಂಡು ಎದುರಿಗೆ ಕೂತಳು.